ಬಿಸಿಲು ಬಂದ ದಿನವೇ ಹುಷಾರು: ಗುಲ್ಮಾರ್ಗ್‌ನ ಹಗ್ಗದಾಚೆ

ಈಗ ಕಾಣ್ತಿರೋದು ಕಾಶ್ಮೀರದ ಅಫರ್ವಾತ್ ಬೆಟ್ಟ. ಗೊಂಡೊಲಾದ (ಕೇಬಲ್ ಕಾರ್) ಎರಡನೇ ಹಂತ ನಮ್ಮನ್ನ 3,900 ಮೀಟರ್‌ಗಿಂತ ಮೇಲಕ್ಕೆ ತಂದು ಬಿಟ್ಟಿದೆ. ರಾತ್ರಿಯೆಲ್ಲಾ ಸುರಿದ ಹಿಮ ನಿಂತು ಬೆಳಿಗ್ಗೆ ಒಳ್ಳೇ ಬಿಸಿಲು. ಎಲ್ಲರಿಗೂ ಇಳಿಯೋ ಆತುರ. ಹಗ್ಗ ಕಟ್ಟಿ ಗುರುತು ಮಾಡಿರೋ ಜಾಗದೊಳಗೆ ಸ್ಕೀ ಗಸ್ತಿನವರ ಕಾವಲಿದೆ. ಹಗ್ಗ ದಾಟಿದರೆ ಹಿಮಕುಸಿತದ (ಅವಲಾಂಚ್) ಭಯ, ನಮ್ಮ ಜೀವ ನಮ್ಮ ಕೈಲಿ.

ನಮ್ಮ ಗೈಡ್ ಮೊದಲು ಮಾಡಿದ್ದು ಹಿಮದ ಪದರಗಳು ಗಟ್ಟಿಯಾಗಿ ಕೂತಿವೆಯಾ ನೋಡೋಕೆ ಗುಂಡಿ ತೋಡೋದು, ಎದೆಮಟ್ಟ. ಮೇಲಿನ ಹೊಸ ಹಿಮ ಗಾಳಿಗೆ ಒತ್ತಿ ಗಟ್ಟಿಯಾಗಿತ್ತು. ಬುಡದ್ದನ್ನ ಬೊಗಸೆಗೆ ತಗೊಂಡ್ರೆ ದಪ್ಪ ರವೆ ಥರ ಬೆರಳ ಸಂದಿಯಿಂದ ಸುರಿದುಹೋಯ್ತು, ಉಂಡೆ ಕಟ್ಟೋಕೇ ಬರಲಿಲ್ಲ. ಚಳಿಗಾಲದ ಶುರುವಲ್ಲಿ ತೆಳ್ಳಗೆ ಬಿದ್ದ ಹಿಮ ಅದು. ಆಮೇಲೆ ಒಣಹವೆ ಹಿಡಿದರೆ, ನೆಲದ ಹತ್ತಿರ ಸೊನ್ನೆ ಡಿಗ್ರಿ ಆಸುಪಾಸು, ಮೇಲೆ ಕೊರೆಯೋ ಚಳಿ. ಹಿಮದೊಳಗಿನ ಆವಿ ಮೇಲಕ್ಕೆ ಸರೀತಾ ಸರೀತಾ ಹರಳುಗಳ ಹಿಡಿತ ಬಿಟ್ಟುಹೋಗುತ್ತೆ. ಅದರ ಮೇಲೆ ಮತ್ತೆ ಭಾರಿ ಹಿಮ ಕೂತರೆ ಮೇಲಿನ ಪದರ ಜಾರೋದನ್ನ ಕೇಳಬೇಕಾ?

ಹಿಮದಲ್ಲೇ ಒಂದು ಕಂಬ ಕೆತ್ತಿ, ಮೇಲೆ ಸಲಿಕೆ ಇಟ್ಟು ತಟ್ಟಿದರು. ಮಣಿಕಟ್ಟಿನಿಂದ ಹತ್ತು ಏಟು, ಏನೂ ಆಗಲಿಲ್ಲ. ಮೊಣಕೈಯಿಂದ ಮೂರನೇ ಏಟಿಗೆ ಇಡೀ ಕಂಬ ಬುಡದಿಂದ ಜಾರಿ ಮಡಿಲಿಗೇ ಬಂತು. "ಆಜ್ ನಹೀಂ ಭಾಯ್" (ಇವತ್ತು ಬೇಡಪ್ಪ) ಅಂದ್ರು ಗೈಡ್, ಅಷ್ಟೇ.

2024ರಲ್ಲಿ ಇಲ್ಲಿ ಜನವರಿ ಬಹುಪಾಲು ಒಣಗಿತ್ತು, ಫೆಬ್ರವರಿಯಲ್ಲಿ ಹಿಮ ಒಂದೇ ಸಮ ಸುರೀತು. ಫೆಬ್ರವರಿ 22ರಂದು ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಹಿಂದಿನ ವರ್ಷ ಇದೇ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು.

30ರಿಂದ 45 ಡಿಗ್ರಿ ಇಳಿಜಾರು, ಅಂದ್ರೆ ಸ್ಕೀಗೆ ಮಜಾ ಕೊಡೋ ಜಾಗವೇ, ಹೆಚ್ಚಾಗಿ ಜಾರೋದು. ಸಿಕ್ಕಿಬಿದ್ದವರ ವಿಷಯದಲ್ಲಿ ಸಾಮಾನ್ಯವಾಗಿ ಆ ಹಿಮವನ್ನ ಜಾರಿಸಿದ್ದೂ ಅವರೇ ಅಥವಾ ಜೊತೆಗಿದ್ದವರೇ. ಹೂತುಹೋದರೆ ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೀಬೇಕು. ಕೆಳಗಿಂದ ಯಾರೂ ಅಷ್ಟರಲ್ಲಿ ಹತ್ತಿ ಬರಲ್ಲ. ಹಾಗಾಗಿ ಬೀಕನ್ (ಹೂತವರು ಎಲ್ಲಿದ್ದಾರೆ ಅಂತ ಸಿಗ್ನಲ್‌ನಿಂದ ತೋರಿಸೋ ಯಂತ್ರ), ಹಿಮಕ್ಕೆ ಚುಚ್ಚಿ ಹುಡುಕೋ ಉದ್ದನೆ ಪ್ರೋಬ್ ಕೋಲು, ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಜೊತೆಗಿರೋರಿಗೆ ಬಳಸೋಕೂ ಬರಬೇಕು. ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದರು, ನೆನಪಿದೆಯಲ್ಲ? ಅದು ಅಪರೂಪದಲ್ಲಿ ಅಪರೂಪ. ಅವರೂ ಕೊನೆಗೆ ಉಳೀಲಿಲ್ಲ.

ನಾವು ಇಳಿದಿದ್ದು 25 ಡಿಗ್ರಿ ಮೀರದ ಏಣಿನ ಮೇಲೆ, ನೆತ್ತಿ ಮೇಲೆ ಕಡಿದಾದ ಇಳಿಜಾರು ಇಲ್ಲದ ಕಡೆ, ಒಬ್ಬೊಬ್ಬರಾಗಿ. ಥ್ರಿಲ್ ಕಮ್ಮಿ ಅಂತ ಕಾಮೆಂಟಲ್ಲಿ ಬೈಯೋದಿದ್ದರೆ ಬೈರಿ.