ಗಾಡಿ ತಗೊಳ್ಳೂಮುಂದ ಮೂರನೇ ಸಾಲಿನ್ಯಾಗ ಕುಂತು ನೋಡ್ರಿ

ಕೇಳ್ಲಕತ್ತ ಎಲ್ಲಾರಿಗೂ ಶರಣು ಶರಣಾರ್ಥಿ ರಿ.

ತೊಗರಿ ಮಾರಿ ಕೈಯಾಗ ನಾಕು ದುಡ್ಡು ಬಂತಂದ್ರ ನಮ್ಮ ಕಲಬುರಗಿ ಕಡಿ ಮನ್ಯಾಗ ಎರಡೇ ಮಾತು ನಡೀತಾವ, ಒಂದು ಮದವಿ, ಇನ್ನೊಂದು ಗಾಡಿ. ನಮ್ಮ ಮನ್ಯಾಗ ಎರಡು ವರ್ಷದ ಹಿಂದ ಗಾಡಿ ಮಾತು ಸುರು ಆಯ್ತು. ಮಂದಿ ನಾವು ಏಳು, ಅಪ್ಪ, ಅವ್ವ, ನಾನು, ನನ್ನ ಹೆಣ್ತಿ, ತಮ್ಮ, ಮತ್ತ ಇಬ್ರು ಮಕ್ಕಳು. ಅವ್ವಗ ಆಗ 71 ವರ್ಷ, ಎರಡೂ ಮೊಣಕಾಲ ಸವದಾವ. ಅಪ್ಪಗ ಎರಡು ತಿಂಗಳಿಗೊಮ್ಮೆ ಹೈದರಾಬಾದಿಗಿ ದವಾಖಾನಿಗಿ ಕರಕೊಂಡು ಹೋಗಬೇಕು. ಹಳೀ ಐದು ಸೀಟಿನ ಕಾರಿನ್ಯಾಗ ಏಳು ಮಂದಿ ಹಿಡಸಂಗಿಲ್ಲ, ಎಲ್ಲೇ ಹೋದ್ರೂ ಇಬ್ರು ಬಸ್ಸಿಗಿ ಬರಬೇಕಾಗ್ತಿತ್ತು, ಆ ಇಬ್ರು ಯಾರು ಅನ್ನೋದೇ ದೊಡ್ಡ ಜಗಳ.

ತಮ್ಮಗ ಸ್ಕಾರ್ಪಿಯೋ-ಎನ್ ಬೇಕು, ನನಗ ಎಕ್ಸ್‌ಯುವಿ 700 ಬೇಕು. ಎರಡೂ ಮಹೀಂದ್ರಾ ಕಂಪನಿಯ ಏಳು ಸೀಟಿನ ಗಾಡಿನೇ, ಎರಡೂ ಪುಣೆ ಬಾಜೂಕಿನ ಚಾಕಣದಾಗ ತಯಾರ ಆದಂಥಾವೇ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಎರಡಕ್ಕೂ 2750 ಮಿಲಿಮೀಟರ್, ಡೀಸೆಲ್ ಇಂಜಿನ್ ಎರಡರಾಗೂ 2.2 ಲೀಟರಿಂದು. ಒಂದು 2021ರ ಆಗಸ್ಟಿನ್ಯಾಗ ಬಂತು, ಇನ್ನೊಂದು 2022ರ ಜೂನದಾಗ. ಕಾಗದದ ಮ್ಯಾಲ ನೋಡಿದ್ರ ಅಣ್ಣತಮ್ಮರ ಹಂಗ ಕಾಣ್ತಾವ. ಆದ್ರ ಎಲವು ಬ್ಯಾರೆ ಬ್ಯಾರೆ ಅವ ರಿ, ಆ ಮಾತು ಯಾರೂ ಬಿಡಿಸಿ ಹೇಳಂಗಿಲ್ಲ.

ಸ್ಕಾರ್ಪಿಯೋ-ಎನ್ ಲ್ಯಾಡರ್ ಫ್ರೇಮ್ ಗಾಡಿ. ಅಂದ್ರ ಲಾರಿ, ಜೀಪಿಗಿ ಇದ್ದಂಗ ಕೆಳಗ ಏಣಿ ಹಂಗ ಉದ್ದನ್ನ ಎರಡು ಕಬ್ಬಣದ ತೊಲಿ, ಅದರ ಮ್ಯಾಲ ಬಾಡಿ ತಂದು ಕೂಡಸ್ತಾರ. ಎಕ್ಸ್‌ಯುವಿ 700 ಮೊನೋಕಾಕ್, ಅದಕ್ಕ ಬ್ಯಾರೆ ಚಾಸಿಸ್ ಇಲ್ಲ, ಬಾಡಿನೇ ಚಾಸಿಸ್. ಏಣಿ ಇದ್ದಿದ್ದು ಗಟ್ಟಿ, ಭಾರ ತಡಕೊಂತದ, ತೆಗ್ಗು ದಿನ್ನಿ ಅಂತ ನೋಡಂಗಿಲ್ಲ. ಆದ್ರ ಆ ಏಣಿ ಕಾರಣದಿಂದನೇ ಒಳಗಿನ ನೆಲ ಮ್ಯಾಲ ಹೋಗ್ತದ, ಹತ್ತೋ ಮೆಟ್ಟಲ ಎತ್ತರ ಆಗ್ತದ. ಹಿಂದಿನ ಎರಡು ಗಾಲಿಗಿ ಸ್ಕಾರ್ಪಿಯೋದಾಗ ಒಂದೇ ಅಚ್ಚು ಇರ್ತದ, ಹಿಂಗಾಗಿ ಎಡಗಾಲಿ ತೆಗ್ಗಿನ್ಯಾಗ ಬಿದ್ರ ಬಲಗಡಿ ಕುಂತವ್ರಿಗೂ ಹೊಡ್ತಾ ಗೊತ್ತಾಗ್ತದ. ಎಕ್ಸ್‌ಯುವಿದಾಗ ಪ್ರತಿ ಗಾಲಿ ತನ್ನಷ್ಟಕ್ಕ ತಾನು ಏಳ್ತದ ಇಳೀತದ.

ಶೋರೂಮಿನವ್ರು ಟೆಸ್ಟ್ ಡ್ರೈವ್ ಅಂತ ರಿಂಗ್ ರೋಡ್ ಮ್ಯಾಲ ಒಂದು ಸುತ್ತು ಹೊಡಸ್ತಾರ, ಒಬ್ಬರೇ ಕುಂತಿರ್ತೀರಿ, ಎಸಿ ಫುಲ್ ಇರ್ತದ, ಸ್ಟೇರಿಂಗ್ ಹಿಡದ ಖುಷಿ ಬ್ಯಾರೆ ಇರ್ತದ. ಅದರಿಂದ ಮನಿ ಗಾಡಿ ಯಾವುದು ಅಂತ ಗೊತ್ತಾಗಂಗಿಲ್ಲ ರಿ. ನಾವು ಏನು ಮಾಡಿದ್ವಿ ಅಂದ್ರ, ನಮ್ಮ ಸೋದರಮಾವನ ಮಗನ ಹತ್ರ ಸ್ಕಾರ್ಪಿಯೋ-ಎನ್ ಇತ್ತು, ಅದನ್ನ ಒಂದು ದಿನಕ್ಕ ಕೇಳಿ ತಗೊಂಡು ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಏಳೂ ಮಂದಿ ಗಾಣಗಾಪುರಕ್ಕ ಹೊಂಟ್ವಿ.

ಮನಿ ಮುಂದ ಅವ್ವ ಗಾಡಿ ಬಾಗಿಲಾ ಹಿಡಕೊಂಡು ನಿಂತಳು. ಎಡಗೈಯಾಗ ಸೀರಿ ನಿರಿಗಿ ಜಗ್ಗಿ ಹಿಡದಾಳ, ಬಲಗಾಲ ಎತ್ತಿ ಪಾವಟಿಗಿ ಮ್ಯಾಲ ಇಟ್ಟಳು, ಮೊಣಕಾಲ ಅಲ್ಲೇ ಥರಥರ ನಡಗ್ಲಕತ್ತು, ಬಲಗೈ ಮ್ಯಾಲಿನ ಹಿಡಿಕಿ ಹುಡಕ್ಲಕತ್ತದ, ಸಿಗವಲ್ದು. ನಾನು ಹಿಂದಿಂದ ಸೊಂಟ ಹಿಡದು ಎತ್ತಿದೆ, ಆಗ ಹತ್ತಿದಳು. ಏನೂ ಅನ್ಲಿಲ್ಲ. ಸಂಗಮ ಬರೂತನಾ ಮೊಣಕಾಲ ತಿಕ್ಕೋತ ಕುಂತಿದ್ದಳು.

ಮಗಳು ಮತ್ತ ಮಗ ಮೂರನೇ ಸಾಲಿನ್ಯಾಗ. ಮಗಗ 16, ಉದ್ದ ಬೆಳದಾನ, ಅವನ ಮೊಣಕಾಲ ಎದಿಗಿ ಬಂದಿದ್ವು. ನಮ್ಮ ಬಿಸಲು ನಿಮಗ ಗೊತ್ತದ, ಏಪ್ರಿಲ್ ಮೇ ಅಂದ್ರ 43, 44 ಡಿಗ್ರಿ. ಆ ಗಾಡ್ಯಾಗ ಎಸಿ ಕಿಂಡಿ ಎರಡನೇ ಸಾಲಿಗಿ ಅವ, ಮೂರನೇ ಸಾಲಿಗಿ ಇಲ್ಲ. ಮುಂದ ಕುಂತ ನಮಗ ಥಂಡಿ ಹತ್ತಲಕತ್ತದ, ಹಿಂದ ಮಗಳು ನೀರಿನ ಬಾಟಲಿ ಕುತಗಿಗಿ ಹಚ್ಚಿಕೊಂಡು ಕುಂತಾಳ. ಚೌಡಾಪುರ ದಾಟೂಮುಂದ ಗಾಡಿ ನಿಂದರಸಬೇಕಾಯ್ತು, ವಾಂತಿ ಮಾಡ್ಕೊಂಡಳು. ಆವತ್ತು ನನಗ ಭಾಳ ಸಂಕಟ ಆಯ್ತು, ಯಾಕಂದ್ರ ಅಲ್ಲಿತನಾ ನಾನು ಇಂಜಿನ್ ಎಷ್ಟು ಹಾರ್ಸ್ ಪವರ್, ಪಿಕಪ್ ಹೆಂಗದ, ಇದೇ ಓದ್ಕೋತ ಕುಂತಿದ್ದೆ, ಹಿಂದ ಕುಂತ ಮಕ್ಕಳಿಗಿ ಗಾಳಿ ಬರ್ತದೋ ಇಲ್ಲೋ ಅಂತ ಒಮ್ಮೆನೂ ಕೇಳಿರಲಿಲ್ಲ.

ಹದಿನೈದು ದಿನ ಬಿಟ್ಟು ಗೆಳೆಯನ ಎಕ್ಸ್‌ಯುವಿ 700 ತಗೊಂಡು ಹೈದರಾಬಾದಿಗಿ ಹೋದ್ವಿ, ಕಮಲಾಪುರ, ಹುಮನಾಬಾದ ಮ್ಯಾಲಿಂದ, ಅಲ್ಲಿಂದ 65ನೇ ನಂಬರ ಹೈವೇ ಹಿಡದು. ಅವ್ವ ಒಂದು ಕೈ ಬಾಗಲಾ ಹಿಡದು, ಒಂದು ಕೈ ನನ್ನ ಭುಜದ ಮ್ಯಾಲ ಇಟ್ಟು, ತಾನೇ ಹತ್ತಿ ಕುಂತಳು. ಈ ಗಾಡಿ ಎತ್ತರ 1755 ಮಿಲಿಮೀಟರ್, ಸ್ಕಾರ್ಪಿಯೋ-ಎನ್ ಇದಕ್ಕಿಂತ ಹೆಚ್ಚೂಕಡಿಮಿ ನಾಕು ಇಂಚು ಎತ್ತರ. ಮೂರನೇ ಸಾಲಿಗಿ ಎಸಿ ಕಿಂಡಿ ಇತ್ತು, ಗಾಳಿ ಹೆಚ್ಚು ಕಡಿಮಿ ಮಾಡೋ ಬಟನ್ನೂ ಅಲ್ಲೇ ಇತ್ತು. ಜಾಗಾ ಮಾತ್ರ ಇದರಾಗೂ ದೊಡ್ಡವ್ರಿಗಿ ಸಾಲಂಗಿಲ್ಲ ರಿ, ಸುಳ್ಳು ಹೇಳಂಗಿಲ್ಲ. ಬರೂಮುಂದ ಹುಮನಾಬಾದಿಂದ ಮನೀತನಾ ನಾನೇ ಹಿಂದ ಕುಂತು ನೋಡಿದೆ, ಸುಮಾರು 60 ಕಿಲೋಮೀಟರ್, ಇಳದ ಮ್ಯಾಲ ಸೊಂಟ ನೆಟ್ಟಗ ಆಗ್ಲಾಕ ಹತ್ತು ನಿಮಿಷ ಬೇಕಾಯ್ತು. ಏಳೂ ಸೀಟು ತುಂಬಿದ್ರ ಡಿಕ್ಕಿನೂ ಎರಡರಾಗೂ ಅಷ್ಟಕ್ಕಷ್ಟೇ. ಕಮಲಾಪುರದಾಗ ಕೆಂಪು ಬಾಳಿಹಣ್ಣು ತಗೊಂಡ್ವಿ, ಅವನ್ನ ಮಗ ತೊಡಿ ಮ್ಯಾಲ ಇಟ್ಕೊಂಡು ಬಂದ. ಆದ್ರ ಎಕ್ಸ್‌ಯುವಿದಾಗ ಹಿಂದಿನ ಸಾಲು ಅರ್ಧರ್ಧ ಮಡಚಬಹುದು, ಆರು ಮಂದಿ ಇದ್ರ ಒಂದು ಬಾಜೂ ಮಡಚಿ ಸಾಮಾನ ಇಡಬಹುದು. ಸ್ಕಾರ್ಪಿಯೋದಾಗ ಆ ಸೀಟು ಒಂದೇ ತುಂಡು, ಮಡಚಿದ್ರ ಪೂರಾ ಮಡಚಬೇಕು.

ಈಗ ತಮ್ಮನ ಮಾತಿಗಿ ಬರ್ತೀನಿ, ಅವನ ಮಾತಿನ್ಯಾಗ ಖರೇನೇ ತೂಕ ಇತ್ತು. ನಮ್ಮ ಹೊಲ ಅಫಜಲಪುರ ಕಡಿ, ಡಾಂಬರ್ ರೋಡ್ ಬಿಟ್ಟು ಎರಡು ಕಿಲೋಮೀಟರ್ ಎರಿ ಮಣ್ಣಿನ ಹಾದಿ. ಮಳಿ ಆದ ಮ್ಯಾಲ ಎರಿ ಮಣ್ಣು ಹೆಂಗ ಹಿಡಕೊಂತದ ಅಂತ ರೈತರಿಗಿ ನಾ ಹೇಳಬೇಕಾಗಿಲ್ಲ, ಗಾಲಿ ಸುತ್ತ ರೊಟ್ಟಿ ಹಿಟ್ಟಿನಂಗ ಮೆತ್ತಿಕೊಂಡು, ಟೈರಿನ ಹಲ್ಲೆಲ್ಲ ಮುಚ್ಚಿ, ಗಾಲಿ ನಿಂತಲ್ಲೇ ತಿರಗ್ತದ. ಎಕ್ಸ್‌ಯುವಿಗಿ ಇಂಜಿನ್ ಜೋರು ಮುಂದಿನ ಗಾಲಿಗಿ, ಸ್ಕಾರ್ಪಿಯೋಗ ಹಿಂದಿನ ಗಾಲಿಗಿ, ಮ್ಯಾಲಾಗಿ ಸ್ಕಾರ್ಪಿಯೋ-ಎನ್ ಡೀಸೆಲ್‌ದಾಗ ಲೋ ಗೇರ್, ಅಂದ್ರ ಸಾವಕಾಶ ಹೋಗಿ ಭಾಳ ಜಗ್ಗೋ ಗೇರ್, ಇದ್ದ ಫೋರ್ ವೀಲ್ ಡ್ರೈವ್ ಸಿಗ್ತದ. ಎಕ್ಸ್‌ಯುವಿದಾಗೂ ನಾಕು ಗಾಲಿಗಿ ಜೋರು ಕೊಡೋ ಮಾಡಲ್ ಅದ ಖರೆ, ಆದ್ರ ಲೋ ಗೇರ್ ಇಲ್ಲ. ಹೊಲದಾಗೇ ಮನಿ ಇದ್ದವ್ರು, ದಿನಾ ಆ ಹಾದಿ ತುಳಿಯೋರು ಇದ್ರ, ನಾನೇ ಹೇಳ್ತೀನಿ, ಕಣ್ಣು ಮುಚ್ಚಿ ಸ್ಕಾರ್ಪಿಯೋ-ಎನ್ ತಗೋರಿ.

ಸೇಫ್ಟಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗ್ಲೋಬಲ್ ಎನ್‌ಕ್ಯಾಪ್ ಅನ್ನೋರು ಗಾಡಿ ಗುದ್ದಿಸಿ ನೋಡಿ ಸ್ಟಾರ್ ಕೊಡ್ತಾರ. ದೊಡ್ಡವ್ರ ಸಲುವಾಗಿ ಎರಡಕ್ಕೂ 5 ಸ್ಟಾರ್. ಮಕ್ಕಳ ಸಲುವಾಗಿ ಎಕ್ಸ್‌ಯುವಿಗಿ 4, ಸ್ಕಾರ್ಪಿಯೋಗ 3. ಇಷ್ಟೇ ಹೇಳಿ ಸೇಲ್ಸ್ ಹುಡಗೂರು ಮುಂದ ಹೋಗ್ತಾರ. ಆದ್ರ ಎಕ್ಸ್‌ಯುವಿ ಟೆಸ್ಟ್ ಆಗಿದ್ದು 2021ರ ನವೆಂಬರದಾಗ, ಸ್ಕಾರ್ಪಿಯೋ-ಎನ್ ಆಗಿದ್ದು 2022ರ ಡಿಸೆಂಬರದಾಗ, ನಡುವ 2022ರ ಜುಲೈದಾಗ ಟೆಸ್ಟಿನ ನಿಯಮನೇ ಬದಲಾಗಿ ಬಿಗಿ ಆದ್ವು, ಬಾಜೂಕಿಂದ ಗುದ್ದಿಸಿದ್ದರ ಮಾರ್ಕ್ಸೂ ಲೆಕ್ಕಕ್ಕ ಸೇರ್ತು. ಹಿಂಗಾಗಿ ಹಳೀ ಸಿಲೆಬಸ್ಸಿನ ಮಾರ್ಕ್ಸು, ಹೊಸಾ ಸಿಲೆಬಸ್ಸಿನ ಮಾರ್ಕ್ಸು ಬಾಜೂ ಬಾಜೂ ಇಟ್ಟು ಇದು ಹೆಚ್ಚು ಅದು ಕಡಿಮಿ ಅನ್ನೋದು ನ್ಯಾಯ ಅಲ್ಲ. ಮತ್ತ ಬೆಲ್ಟ್ ಹಾಕ್ಕೊಳ್ಳಲಾರದೆ ಕುಂತ್ರ ಯಾವ ಸ್ಟಾರೂ ಉಳಸಂಗಿಲ್ಲ, ಮೂರನೇ ಸಾಲಿನವ್ರೂ ಹಾಕ್ಕೋಬೇಕು. ಕಬ್ಬಿನ ಸೀಜನ್‌ದಾಗ ನಮ್ಮ ಆಳಂದ, ಅಫಜಲಪುರ ರೋಡ್ ಮ್ಯಾಲ ರಾತ್ರಿ ಟ್ರ್ಯಾಕ್ಟರ್ ಟ್ರೇಲರ್ ಹಿಂದ ಲೈಟ್ ಇಲ್ಲದೆ ಹೋಗ್ತಿರ್ತಾವ, ಹಂಗಾಗಿ ರಾತ್ರಿನೂ ಒಮ್ಮೆ ಗಾಡಿ ಓಡಿಸಿ ಹೆಡ್‌ಲೈಟ್ ನೋಡ್ರಿ.

ರೊಕ್ಕದ ಮಾತು. ಶೋರೂಮಿನ ಗ್ವಾಡಿ ಮ್ಯಾಲ ಬರದಿದ್ದು ಒಂದು, ಮನಿ ಮುಂದ ಬರೂಮುಂದ ಕೊಡೋದು ಇನ್ನೊಂದು. ನಮ್ಮ ರಾಜ್ಯದಾಗ ಲೈಫ್ ಟ್ಯಾಕ್ಸ್ 10ರಿಂದ 20 ಲಕ್ಷದ ಗಾಡಿಗಿ 17 ಪರ್ಸೆಂಟ್, ಅದರ ಮ್ಯಾಲಿಂದಕ್ಕ 18, ಆ ಟ್ಯಾಕ್ಸಿನ ಮ್ಯಾಲ ಮತ್ತ 11 ಪರ್ಸೆಂಟ್ ಸೆಸ್, ನಾವು ಕಟ್ಟಿದ್ದು ಇದೇ ಲೆಕ್ಕ. 19 ಲಕ್ಷದ ಗಾಡಿ ಅಂದ್ರ ಟ್ಯಾಕ್ಸೇ 3 ಲಕ್ಷ 58 ಸಾವಿರದ ಮ್ಯಾಲ ಆಯ್ತು. ಇದಕ್ಕ ಅಂಜಿ ಸೊಲ್ಲಾಪುರದಾಗ ಸಂಬಂಧಿಕರ ವಿಳಾಸ ಕೊಟ್ಟು ಎಂಎಚ್ 13 ನಂಬರ ಮಾಡಸ್ರಿ ಅಂತ ನಮಗೂ ಹೇಳಿದ್ರು. ಬ್ಯಾಡ ರಿ. ಗಾಡಿ ಇಲ್ಲೇ ವರ್ಷದ ಮ್ಯಾಲ ಇದ್ರ ಇಲ್ಲಿ ಟ್ಯಾಕ್ಸ್ ಕಟ್ಟಲೇಬೇಕು, ಹಾದಿಯಾಗ ಹಿಡದ್ರ ಮನಿ ಮಂದಿ ಎಲ್ಲಾ ಬಿಸಲಾಗ ನಿಂದರಬೇಕು. ನಮ್ಮ ಕಲಬುರಗಿ ಕೆಎ 32 ನಂಬರ ಇದ್ರ ನೆಮ್ಮದಿ. 10 ಲಕ್ಷ ದಾಟಿದ ಗಾಡಿಗಿ 1 ಪರ್ಸೆಂಟ್ ಟಿಸಿಎಸ್, ಅಂದ್ರ ಮಾರವ್ರೇ ಹಿಡದು ಸರಕಾರಕ್ಕ ಕಟ್ಟೋ ಟ್ಯಾಕ್ಸ್, ಅಂತ ಹಿಡೀತಾರ, ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬೂಮುಂದ ನಮ್ಮ ಲೆಕ್ಕಕ್ಕ ಜಮಾ ಆಗ್ತದ, ರಶೀದಿ ಇಟ್ಕೋರಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಿ ಜಿಎಸ್‌ಟಿ 40 ಪರ್ಸೆಂಟ್ ಅಷ್ಟೇ, ಸೆಸ್ ಹೋಯ್ತು, ಮೊದಲ ಎರಡೂ ಕೂಡಿ 50ರತನಾ ಆಗ್ತಿತ್ತು. ಹಿಂಗಾಗಿ ನಾವು ಕೊಟ್ಟ ರೇಟ್ ನಿಮಗ ಉಪಯೋಗ ಇಲ್ಲ, ಮಾಡಲ್ಲೂ ಹೆಸರೂ ಕಂಪನಿಯವ್ರು ಬದಲು ಮಾಡ್ತಿರ್ತಾರ, ಇವತ್ತಿಂದು ಕೇಳ್ರಿ. ಇನ್ಶೂರೆನ್ಸ್ ನಮ್ಮ ಹತ್ರನೇ ಮಾಡಸ್ಬೇಕು ಅಂತ ಒಂದು ಶೋರೂಮಿನವ್ರು ಪಟ್ಟು ಹಿಡದಿದ್ರು, ಹಂಗೇನಿಲ್ಲ, ಬೇಕಾದಲ್ಲಿ ಮಾಡಸ್ಬಹುದು.

ಡೀಸೆಲ್ಲೋ ಪೆಟ್ರೋಲೋ ಅಂದ್ರ, ಊರಾಗ ಸೂಪರ್ ಮಾರ್ಕೆಟ್ಟಿಗಿ ಹೋಗಿ ಬರೋದು ಇಷ್ಟೇ ಇದ್ರ ಡೀಸೆಲ್ ಬ್ಯಾಡ. ಈಗಿನ ಬಿಎಸ್ 6 ಅನ್ನೋ ಹೊಗಿ ನಿಯಮದ ಡೀಸೆಲ್ ಗಾಡಿಗಿ ಹೊಗಿ ಮಸಿ ಹಿಡಿಯೋ ಫಿಲ್ಟರ್ ಇರ್ತದ, ಆ ಮಸಿ ಸುಡಬೇಕಂದ್ರ ಗಾಡಿ ಆಗಾಗ ಹೈವೇ ಮ್ಯಾಲ ಬಿಸಿ ಆಗಿ ಓಡಬೇಕು, ಇಲ್ಲಂದ್ರ ಫಿಲ್ಟರ್ ಕಟ್ಕೊಂತದ. ನಮಗ ಹೈದರಾಬಾದ ಇತ್ತು, ಡೀಸೆಲ್ ತಗೊಂಡ್ವಿ.

ಮತ್ತ ಮನಿ ಗೇಟ್ ಅಳೀರಿ. ಸ್ಕಾರ್ಪಿಯೋ-ಎನ್ ಅಗಲ 1917 ಮಿಲಿಮೀಟರ್, ಅಂದ್ರ 6 ಫೂಟ್ ಮೂರೂವರಿ ಇಂಚು, ಕನ್ನಡಿ ಬಿಟ್ಟು. ಬ್ರಹ್ಮಪುರ, ಶಹಾಬಜಾರದಂಥಾ ಹಳೀ ಓಣ್ಯಾಗ ಇದ್ದವ್ರು ಟೇಪ್ ಹಿಡದು ನೋಡೇ ಬುಕ್ ಮಾಡ್ರಿ.

ನಾವು ಎಕ್ಸ್‌ಯುವಿ 700 ತಗೊಂಡ್ವಿ. ತಮ್ಮ ಒಪ್ಪಿದ, ಅವ್ವ ಹತ್ತಿದ್ದು ಅವನೂ ನೋಡಿದ್ದ. ಮಳಿಗಾಲದಾಗ ಗಾಡಿ ಡಾಂಬರ್ ರೋಡ್ ಮ್ಯಾಲ ಬಿಟ್ಟು ಹೊಲಕ್ಕ ನಡಕೊಂಡು ಹೋಗ್ತಾನ, ಹಿಂದ ಬರೂಮುಂದ ಕಾಲು ತುಂಬ ರಾಡಿ, ಅದನ್ನ ನೋಡಿದಾಗೆಲ್ಲ ನನಗ ಮನಸಿಗಿ ಹತ್ತತದ. ಬರೂ ಹುಣ್ಣಿಮಿಗಿ ಮತ್ತ ಎಲ್ಲಾರೂ ಗಾಣಗಾಪುರಕ್ಕ ಹೊಂಟೀವಿ. ಓಡಸೋದು ತಮ್ಮ, ಮೂರನೇ ಸಾಲಿನ್ಯಾಗ ನಾನು.

ನಮಸ್ಕಾರ ರಿ.