ಊಟಾಳಿಗೆ ಅಡ್ಡ ಬಂದ ಬಲಿಪೀಠ

ನಮಸ್ಕಾರ. ಇವತ್ತಿನ ಮಾತು ಒಂದು ಜಗಳದಿಂದ ಶುರುವಾಗುತ್ತೆ. ಜರ್ಮನಿಯ ಪೂರ್ವಭಾಗದಲ್ಲಿ ಜಾಲೆ ನದಿಯ ಹತ್ತಿರ ನೌಮ್‌ಬುರ್ಗ್ ಅಂತ ಒಂದು ಊರಿದೆ. ಹೆಚ್ಚೂಕಡಿಮೆ 30 ಸಾವಿರ ಜನ ಇರೋ ಸಣ್ಣ ಊರು, ನಡುವೆ ನಾಲ್ಕು ಗೋಪುರಗಳ ದೊಡ್ಡ ಕ್ಯಾಥೆಡ್ರಲ್. 2022ರ ಜುಲೈನಲ್ಲಿ ಆ ಕ್ಯಾಥೆಡ್ರಲ್‌ನ ಪಶ್ಚಿಮ ತುದಿಯಲ್ಲಿ ಒಂದು ಬಲಿಪೀಠದ ಚಿತ್ರಫಲಕ ನಿಲ್ಲಿಸಿದ್ರು. ಎರಡು ಪಕ್ಕದ ರೆಕ್ಕೆಗಳು 500 ವರ್ಷ ಹಳೆಯವು, ಲೂಕಾಸ್ ಕ್ರಾನಾಖ್ ಕೈಯ ಕೆಲಸ, 1519ರದ್ದು. ನಡುವಿನ ಫಲಕ ಮಾತ್ರ ಹೊಚ್ಚ ಹೊಸದು. ಯಾಕೆ ಅಂದ್ರೆ ಮೂಲದ್ದನ್ನ 1541ರಲ್ಲಿ, ಕ್ಯಾಥೊಲಿಕ್ ಚರ್ಚಿನಿಂದ ಪ್ರಾಟೆಸ್ಟೆಂಟರು ಬೇರೆಯಾದ ಸುಧಾರಣೆಯ ಗಲಾಟೆಯಲ್ಲಿ, ಒಡೆದು ಹಾಕಿದ್ರು. ಲೈಪ್‌ಜಿಗ್‌ನ ಚಿತ್ರಕಾರ ಮಿಖಾಯೆಲ್ ಟ್ರೀಗೆಲ್ ಆ ಖಾಲಿ ಜಾಗ ತುಂಬಿದ. ಮರಿಯಮ್ಮ, ಮಗು, ಹಿಂದೆ ಸಂತರು. ಆ ಸಂತರ ಗುಂಪಲ್ಲಿ ಹಿಟ್ಲರ್ ಕಾಲದಲ್ಲಿ ನೇಣಿಗೇರಿದ ಪಾದ್ರಿ ಡೀಟ್ರಿಷ್ ಬೋನ್‌ಹೋಫರ್ ಇದ್ದಾನೆ. ಸಂತ ಪೇತ್ರನ ತಲೆ ಮೇಲೆ ಬೇಸ್‌ಬಾಲ್ ಟೋಪಿ ಇದೆ.

ಟೋಪಿಗೆ ಯಾರೂ ತಕರಾರು ತೆಗೀಲಿಲ್ಲ ಅನ್ನಲ್ಲ, ಆದ್ರೆ ದೊಡ್ಡ ತಕರಾರು ಅದಲ್ಲ. ವಿಶ್ವ ಪರಂಪರೆ ವಿಷಯದಲ್ಲಿ ಯುನೆಸ್ಕೋಗೆ ಸಲಹೆ ಕೊಡೋ ಐಕೊಮೋಸ್ ಸಂಸ್ಥೆ ಹೇಳಿದ್ದು ಇಷ್ಟು: ಈ ಫಲಕ ಅಡ್ಡ ಬರುತ್ತೆ, ಅದರ ಹಿಂದೆ ಗೋಡೆಗೆ ಒರಗಿ ನಿಂತ ಹಳೇ ದಾನಿಗಳ ವಿಗ್ರಹಗಳು, ಊಟಾ ಅನ್ನೋಳದ್ದೂ ಸೇರಿ, ಕಾಣಲ್ಲ. ಕ್ಯಾಥೆಡ್ರಲ್‌ಗೆ 2018ರಲ್ಲಿ ಸಿಕ್ಕಿದ್ದ ವಿಶ್ವ ಪರಂಪರೆ ಪಟ್ಟ ಹೋದೀತು ಅನ್ನೋ ಮಾತು ಎದ್ದಿತು. ಆ ವರ್ಷ ಮುಗಿಯೋ ಮೊದಲೇ ಬಲಿಪೀಠ ಗಂಟುಮೂಟೆ ಕಟ್ಟಿ ಪಾಡರ್‌ಬೋರ್ನ್‌ನ ಮ್ಯೂಸಿಯಂಗೆ ಹೋಯ್ತು. ಮತ್ತೆ ವಾಪಸ್ ಬಂತು. ಮತ್ತೆ ವಾದ. ಕೊನೆಗೆ 2025ರಲ್ಲಿ ಎರಡು ವರ್ಷದ ಕಡ ಅಂತ ರೋಮ್‌ಗೆ ಹೊರಟಿತು.

ಇದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಚಿತ್ರ ಅಲ್ಲ. ಅದನ್ನ ಬರೆಸಿದ್ದು ಯಾರು ಅನ್ನೋದು. ಊರಿನ ಚರ್ಚ್ ಸಭೆಯಲ್ಲ, ಸರ್ಕಾರ ಅಲ್ಲ, ಬಿಷಪ್ ಅಂತೂ ಅಲ್ಲವೇ ಅಲ್ಲ, ಅಲ್ಲಿ ಬಿಷಪ್ಪೇ ಇಲ್ಲ. ಬರೆಸಿದ್ದು ಒಂದು ಪ್ರತಿಷ್ಠಾನ. ಮೆರ್ಸೆಬುರ್ಗ್ ಮತ್ತು ನೌಮ್‌ಬುರ್ಗ್ ಕ್ಯಾಥೆಡ್ರಲ್‌ಗಳು, ಜೊತೆಗೆ ಚೈಟ್ಸ್‌ನ ಮಠ, ಈ ಮೂರರದ್ದು ಸೇರಿ ಒಂದು ಸಂಯುಕ್ತ ಪ್ರತಿಷ್ಠಾನ. ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಸಂಸ್ಥೆ. ಟಿಕೆಟ್ ಮಾರುತ್ತೆ, ಮಾಡು ರಿಪೇರಿ ಮಾಡಿಸುತ್ತೆ, ಹಸ್ತಪ್ರತಿ ಕಾಯುತ್ತೆ. ಆದ್ರೆ ಅದರ ತಲೆ ಮೇಲೆ ಕೂತ ಮಂಡಳಿಯ ಹೆಸರು ಇವತ್ತಿಗೂ ಕ್ಯಾಥೆಡ್ರಲ್ ಚಾಪ್ಟರ್. ಸಾವಿರ ವರ್ಷದ ಹಿಂದಿನ ಹೆಸರು, ಅದೇ ಮನೆ, ಮನೆಯೊಳಗಿನ ಜನ ಮಾತ್ರ ಬೇರೆ.

ಚಾಪ್ಟರ್ ಅಂದ್ರೆ ಅಧ್ಯಾಯ, ಅಲ್ವಾ? ಇಲ್ಲೂ ಅದೇ ಪದ. ಕ್ಯಾಥೆಡ್ರಲ್‌ನಲ್ಲಿ ಬಿಷಪ್ಪನ ಜೊತೆ ಇದ್ದ ಪಾದ್ರಿಗಳನ್ನ ಕ್ಯಾನನ್‌ಗಳು ಅಂತಿದ್ರು. ಅವರು ಹೇಗೆ ಬಾಳಬೇಕು ಅಂತ 816ರಲ್ಲಿ ಆಖನ್ ಸಭೆ ಒಂದು ನಿಯಮಾವಳಿ ಕೊಟ್ಟಿತು. ಒಟ್ಟಿಗೆ ಊಟ, ಒಟ್ಟಿಗೆ ನಿದ್ದೆ, ಒಟ್ಟಿಗೆ ಪ್ರಾರ್ಥನೆ. ದಿನಾ ಬೆಳಿಗ್ಗೆ ಸೇರಿ ನಿಯಮದ ಒಂದು ಅಧ್ಯಾಯ ಓದಬೇಕು. ಓದೋ ಕೋಣೆಗೆ ಅಧ್ಯಾಯದ ಕೋಣೆ ಅಂತ ಹೆಸರಾಯ್ತು, ಆಮೇಲೆ ಕೋಣೆಯೊಳಗೆ ಕೂತವರಿಗೇ ಅಧ್ಯಾಯ ಅನ್ನೋ ಹೆಸರು ಅಂಟಿಕೊಂಡಿತು. ಓದು ಎಷ್ಟು ದಿನ ನಡೆಯಿತೋ, ಹೆಸರು ಮಾತ್ರ ಗಟ್ಟಿಯಾಗಿ ಕೂತಿತು.

ಒಟ್ಟಿಗೆ ಬಾಳೋ ಉತ್ಸಾಹ ಬಹಳ ದಿನ ಇರಲಿಲ್ಲ. ಚಾಪ್ಟರ್‌ಗೆ ರಾಜರು, ಶ್ರೀಮಂತರು ಹಳ್ಳಿಗಳನ್ನ ಬರೆದುಕೊಟ್ಟಿದ್ರು. ಬಿಷಪ್ಪನ ಆಸ್ತಿ ಬೇರೆ, ಚಾಪ್ಟರ್ ಆಸ್ತಿ ಬೇರೆ ಅಂತ ಪಾಲಾಯ್ತು. ಚಾಪ್ಟರ್ ಪಾಲು ಮತ್ತೆ ಒಬ್ಬೊಬ್ಬ ಕ್ಯಾನನ್‌ಗೆ ಒಂದೊಂದು ಉಂಬಳಿ ಅಂತ ಹಂಚಿಹೋಯ್ತು. ಉಂಬಳಿ ಬಂದ ಮೇಲೆ ಒಂದೇ ಪಂಕ್ತಿಯಲ್ಲಿ ಯಾರು ಊಟಕ್ಕೆ ಕೂರ್ತಾರೆ? ಕ್ಯಾಥೆಡ್ರಲ್ ಸುತ್ತ ತಮ್ಮ ತಮ್ಮ ಮನೆ ಕಟ್ಟಿಕೊಂಡ್ರು. ಪ್ರಾರ್ಥನೆ ಹಾಡೋಕೆ ಕಡಿಮೆ ಸಂಬಳದ ಬದಲಿ ಪಾದ್ರಿಗಳನ್ನ ಇಟ್ಟುಕೊಂಡ್ರು. ಶ್ರೀಮಂತ ಮನೆಯ ಎರಡನೇ, ಮೂರನೇ ಮಗನಿಗೆ ಇದು ಒಳ್ಳೆ ಕಾಯಂ ಕೆಲಸ. ಭಕ್ತಿ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಇದನ್ನ ನಡೆಸಿದ್ದು ಭಕ್ತಿಗಿಂತ ಹೆಚ್ಚಾಗಿ ಗುಮಾಸ್ತಿಕೆ.

ಆ ಗುಮಾಸ್ತಿಕೆಯೊಳಗೆ ಒಂದು ಜಾಣತನ ಇತ್ತು, ನನ್ನ ಪ್ರಕಾರ ಇಡೀ ಕಥೆಯ ಬೀಜ ಅದೇ. ಕ್ಯಾನನ್‌ಗಳ ಉಂಬಳಿ ಹಣ ಬೇರೆ, ಕಟ್ಟಡದ ಹಣ ಬೇರೆ. ಕಟ್ಟಡದ ಖಾತೆಗೆ ಲ್ಯಾಟಿನ್‌ನಲ್ಲಿ ಫ್ಯಾಬ್ರಿಕಾ ಅಂತ ಹೆಸರು. ಕಲ್ಲು, ಸುಣ್ಣ, ಸೀಸ, ಗಾಜು, ಕೂಲಿ, ಎಲ್ಲಾ ಆ ಖಾತೆಯಿಂದ. ಬಿಷಪ್ ಸಾಯ್ತಾನೆ, ಕ್ಯಾನನ್ ಸಾಯ್ತಾನೆ, ಖಾತೆ ಸಾಯಲ್ಲ. ಫ್ರಾನ್ಸ್‌ನ ಸ್ಟ್ರಾಸ್‌ಬುರ್ಗ್‌ನಲ್ಲಿ ಈ ಖಾತೆ ಬಿಷಪ್ಪನ ಕೈಯಿಂದ ಚಾಪ್ಟರ್ ಕೈಗೆ, ಅಲ್ಲಿಂದ 13ನೇ ಶತಮಾನ ಮುಗಿಯೋ ಹೊತ್ತಿಗೆ ಊರಿನ ಆಡಳಿತದ ಕೈಗೆ ಹೋಯ್ತು. ಅದು ಇವತ್ತಿಗೂ ಇದೆ, ಊಯೆವ್ರ್ ನೋತ್ರ್ ದಾಮ್ ಅನ್ನೋ ಹೆಸರಲ್ಲಿ. ಹಿಂದೆ ಜನ ಬರೆದುಕೊಟ್ಟ ಮನೆ, ಜಮೀನುಗಳ ವರಮಾನ ಅದಕ್ಕೆ ಇದೆ. ಸ್ವಂತ ಕಲ್ಲುಕುಟಿಗರು ಇದ್ದಾರೆ. 142 ಮೀಟರ್ ಎತ್ತರದ ಶಿಖರ 1439ರಲ್ಲಿ ಮುಗಿದಿದ್ದೂ ಈ ಖಾತೆಯಿಂದಲೇ, ಇವತ್ತು ಅದರ ಸವೆದ ಕಲ್ಲು ಬದಲಿಸೋದೂ ಈ ಖಾತೆಯಿಂದಲೇ. ಇಂಥ ಕ್ಯಾಥೆಡ್ರಲ್ ಕಾರ್ಯಾಗಾರಗಳ ಕಸುಬನ್ನ ಉಳಿಸೋ ಮಾದರಿಯನ್ನ 2020ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಪರಂಪರೆ ಪ್ರತಿಷ್ಠಾನ ಅನ್ನೋದು ಮೊನ್ನೆ ಮೊನ್ನೆಯ ಯೋಚನೆ ಅಂತ ಯಾರಾದ್ರೂ ಹೇಳಿದ್ರೆ ಈ ಖಾತೆಪುಸ್ತಕ ತೋರಿಸಿ.

ಮತ್ತೆ ನೌಮ್‌ಬುರ್ಗ್‌ಗೆ ಬರೋಣ. ಈ ಕ್ಯಾಥೆಡ್ರಲ್‌ನ ಪಶ್ಚಿಮ ಭಾಗದಲ್ಲಿ, ಗರ್ಭಗುಡಿ ಅಂತಲೇ ಅಂದುಕೊಳ್ಳಿ, ಗೋಡೆಗೆ ಒರಗಿ 12 ವಿಗ್ರಹಗಳಿವೆ, ಆಳೆತ್ತರದವು. ದೇವರದ್ದಲ್ಲ, ಸಂತರದ್ದಲ್ಲ, ದಾನ ಕೊಟ್ಟ ಗೃಹಸ್ಥರದ್ದು. ಅದರಲ್ಲಿ ಒಬ್ಬಳ ಹೆಸರು ಊಟಾ. ನಗಬೇಡಿ, ಅಲ್ಲಿನ ಹಳೇ ಹೆಸರು ಅದು. ಫೋಟೋ ಹುಡುಕಿ ನೋಡಿ. ಬಲಗೈ ನಿಲುವಂಗಿಯೊಳಗೇ ಇದೆ, ಒಳಗಿನಿಂದ ಕಾಲರ್ ಎತ್ತಿ ಹಿಡಿದು ಕೆನ್ನೆ ಮರೆ ಮಾಡಿಕೊಂಡಿದ್ದಾಳೆ. ಎಡಗೈಯಲ್ಲಿ ಬಟ್ಟೆಯ ನೆರಿಗೆ ಒಟ್ಟು ಮಾಡಿ ಹಿಡಿದಿದ್ದಾಳೆ. ಪಕ್ಕದಲ್ಲಿ ಗಂಡ ಎಕೆಹಾರ್ಡ್, ಕತ್ತಿ ಹಿಡಿದು ನಿಂತಿದ್ದಾನೆ. ಇವಳು ಅವನ ಕಡೆ ನೋಡ್ತಾನೂ ಇಲ್ಲ. ಗಾಳಿ ಬೀಸ್ತಿರೋ ಒಂದು ಚಳಿಗಾಲದ ದಿನ ಬಾಗಿಲಲ್ಲಿ ಯಾರನ್ನೋ ಕಾಯ್ತಿರೋ ಹೆಂಗಸಿನ ಹಾಗೆ. ಸ್ವಲ್ಪ ಆಚೆ ರೆಗ್ಲಿಂಡಿಸ್ ಅನ್ನೋಳು ಹಲ್ಲು ಬಿಟ್ಟು ನಗ್ತಾಳೆ. ಕಲ್ಲಿನಲ್ಲಿ ಇಷ್ಟು ಸ್ವಭಾವ ತಂದ ಶಿಲ್ಪಿಯ ಹೆಸರು ಯಾರಿಗೂ ಗೊತ್ತಿಲ್ಲ.

ಈಗ ಒಂದು ಲೆಕ್ಕ ಹಾಕಿ. ಎಕೆಹಾರ್ಡ್ ಸತ್ತಿದ್ದು 1046ರಲ್ಲಿ, ವಿಗ್ರಹ ಕೆತ್ತಿದ್ದು 1250ರ ಆಸುಪಾಸು. 200 ವರ್ಷದ ಅಂತರ. ಶಿಲ್ಪಿ ಊಟಾಳನ್ನ ನೋಡೇ ಇಲ್ಲ. ಹಾಗಾದ್ರೆ ಯಾಕೆ ನಿಲ್ಲಿಸಿದ್ರು? 1249ರಲ್ಲಿ ಬಿಷಪ್ ಡೀಟ್ರಿಷ್ ಹೊರಡಿಸಿದ ಒಂದು ಪತ್ರ ಉಳಿದಿದೆ. ಅದರಲ್ಲಿ ಮೊದಲ ದಾನಿಗಳ ಹೆಸರು ಒಂದೊಂದಾಗಿ ಇದೆ, ಊಟಾಳದ್ದೂ. ಇವರು ಕೊಟ್ಟು ಪುಣ್ಯ ಕಟ್ಟಿಕೊಂಡ್ರು, ಕೆಲಸ ಮುಗಿಸೋಕೆ ನೀವೂ ಕೊಡಿ, ನಿಮ್ಮನ್ನೂ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ತೀವಿ ಅನ್ನೋದು ಪತ್ರದ ತಾತ್ಪರ್ಯ. ಅಂದ್ರೆ ವಂತಿಗೆ ಎತ್ತೋ ಪತ್ರ! ಆ ವಿಗ್ರಹಗಳು ಆ ಪತ್ರದ ಕಲ್ಲಿನ ರೂಪ ಅಂತ ನನಗೆ ಅನಿಸುತ್ತೆ. ಆ ಕಾಲದ ಚಾಪ್ಟರ್ ಹಳೇ ಕಟ್ಟಡಕ್ಕೆ ಹೊಸದೊಂದನ್ನ ಸೇರಿಸಿತು, ತನ್ನ ಕಾಲದ ಅಗತ್ಯಕ್ಕೆ, ತನ್ನ ಕಾಲದ ಶೈಲಿಯಲ್ಲಿ.

ಆ ಹೊಸದನ್ನ ಮರೆ ಮಾಡುತ್ತೆ ಅಂತಲೇ 2022ರ ಹೊಸದನ್ನ ಹೊರಗೆ ಹಾಕಿದ್ದು.

ನಡುವೆ ಈ ಚಾಪ್ಟರ್ ಹೇಗೆ ಉಳೀತು ಅನ್ನೋದನ್ನ ಬೇಗ ಹೇಳಿಬಿಡ್ತೀನಿ, ಯಾಕೆ ಅಂದ್ರೆ ಉಳಿದ ರೀತಿ ಅಷ್ಟೇನೂ ಹೆಮ್ಮೆಯದಲ್ಲ. 1541ರಲ್ಲಿ ಬಿಷಪ್ ತೀರಿಕೊಂಡಾಗ ಚಾಪ್ಟರ್ ಯೂಲಿಯುಸ್ ಪ್ಫ್ಲೂಗ್ ಅನ್ನೋ ಕ್ಯಾಥೊಲಿಕ್ ವಿದ್ವಾಂಸನನ್ನ ಆರಿಸಿತು. ಸಾಕ್ಸನಿಯ ದೊರೆ ಒಪ್ಪಲಿಲ್ಲ. 1542ರ ಜನವರಿಯಲ್ಲಿ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ ಖುದ್ದಾಗಿ ಬಂದು, ಇದೇ ಕ್ಯಾಥೆಡ್ರಲ್‌ನಲ್ಲಿ, ತನ್ನ ಗೆಳೆಯ ಆಮ್ಸ್‌ಡೋರ್ಫ್‌ಗೆ ಬಿಷಪ್ ದೀಕ್ಷೆ ಕೊಟ್ಟ. ಐದು ವರ್ಷದಲ್ಲಿ ಯುದ್ಧ ಸೋತು ದೊರೆ ಸೆರೆ ಸಿಕ್ಕ, ಪ್ಫ್ಲೂಗ್ ವಾಪಸ್ ಬಂದ. 1564ರಲ್ಲಿ ಅವನು ಸತ್ತ ಮೇಲೆ ಕ್ಯಾಥೊಲಿಕ್ ಬಿಷಪ್ ಪರಂಪರೆ ಮುಗೀತು. ಚಾಪ್ಟರ್ ಮುಗೀಲಿಲ್ಲ! ಪ್ರಾಟೆಸ್ಟೆಂಟ್ ಆಗಿ ಮುಂದುವರೀತು. ಪಾದ್ರಿಗಳಿದ್ದ ಜಾಗದಲ್ಲಿ ದೊರೆಯ ಕಡೆಯ ಶ್ರೀಮಂತರು, ಅಧಿಕಾರಿಗಳು. ಕೆಲಸ ಇಲ್ಲ, ಉಂಬಳಿ ಇದೆ.

1803ರಲ್ಲಿ ನೆಪೋಲಿಯನ್ ಒತ್ತಡಕ್ಕೆ ಜರ್ಮನ್ ಸಾಮ್ರಾಜ್ಯ ಚರ್ಚಿನ ಸಂಸ್ಥಾನಗಳನ್ನ ದೊರೆಗಳಿಗೆ ಹಂಚಿಹಾಕಿತು, ಚಾಪ್ಟರ್‌ಗಳ ಆಸ್ತಿಯನ್ನೂ ಸೇರಿಸಿ. 1810ರಲ್ಲಿ ಪ್ರಷ್ಯಾ ತನ್ನ ಗಡಿಯೊಳಗಿನ ಮಠಗಳನ್ನ, ಚಾಪ್ಟರ್‌ಗಳನ್ನ ಖಜಾನೆಗೆ ಸೇರಿಸಿಕೊಂಡಿತು. ನೌಮ್‌ಬುರ್ಗ್ ಆಗ ಸಾಕ್ಸನಿಯಲ್ಲಿತ್ತು. ಪ್ರಷ್ಯಾಕ್ಕೆ ಸೇರಿದ್ದು 1815ರಲ್ಲಿ, ಅಷ್ಟರಲ್ಲಿ ಬಿರುಗಾಳಿ ಕಳೆದಿತ್ತು. ಅದೃಷ್ಟ ಇತ್ತು, ನಿಜ. ಆದ್ರೆ ಹಲ್ಲು ಕಿತ್ತ ಹಾವನ್ನ ಹೊಡೆಯೋಕೆ ಯಾರಿಗೂ ಅವಸರ ಇರಲ್ಲ ಅನ್ನೋದೂ ನಿಜ. ಯಾರಿಗೂ ಬೇಡವಾದ ಸಂಸ್ಥೆಯಾದ್ದರಿಂದಲೇ ಅದು ಉಳೀತು. ಆಮೇಲೆ ರಾಜರು ಹೋದ್ರು, ನಾಜಿಗಳು ಬಂದು ಹೋದ್ರು, ಅವರ ಕಾಲದಲ್ಲಿ ಊಟಾಳನ್ನ ಅಪ್ಪಟ ಜರ್ಮನ್ ಹೆಣ್ಣು ಅಂತ ಮೆರೆಸಿದ್ದೂ ಆಯ್ತು, ಪಾಪ. ಕಮ್ಯುನಿಸ್ಟರು ಬಂದು ಹೋದ್ರು. ಇವತ್ತು ಚಾಪ್ಟರ್‌ನಲ್ಲಿ ಕೂರೋದು ಗೌರವ ಹುದ್ದೆ, ಉಂಬಳಿ ಇಲ್ಲ.

ನಿಷ್ಪ್ರಯೋಜಕ ಅಂತ ಹೀಗಳೆಯೋಕೆ ಮೊದಲು ಒಂದು ವಿಷಯ ಕೇಳಿ. ಮೆರ್ಸೆಬುರ್ಗ್ ಚಾಪ್ಟರ್‌ನ ಗ್ರಂಥಾಲಯದಲ್ಲಿ ಒಂದು ಪ್ರಾರ್ಥನಾ ಪುಸ್ತಕ ಇತ್ತು. 1841ರಲ್ಲಿ ಗೇಯೋರ್ಗ್ ವೈಟ್ಸ್ ಅನ್ನೋ ಇತಿಹಾಸಕಾರ ಅದನ್ನ ತೆರೆದು ನೋಡ್ತಾನೆ. ಖಾಲಿ ಬಿಟ್ಟ ಹಾಳೆಯಲ್ಲಿ 10ನೇ ಶತಮಾನದ ಅಕ್ಷರದಲ್ಲಿ ಎರಡು ಮಂತ್ರ. ಕ್ರೈಸ್ತರದ್ದಲ್ಲ, ಅದಕ್ಕೂ ಹಿಂದಿನ ದೇವತೆಗಳದ್ದು. ಒಂದು ಕುದುರೆಯ ಕಾಲು ಉಳುಕಿದ್ರೆ ಹಾಕೋ ಮಂತ್ರ: ಎಲುಬಿಗೆ ಎಲುಬು, ರಕ್ತಕ್ಕೆ ರಕ್ತ, ಅಂಗಕ್ಕೆ ಅಂಗ, ಅಂಟಿಸಿದ ಹಾಗೆ ಕೂಡಲಿ. ನಮ್ಮಲ್ಲಿ ಉಳುಕು ತೆಗೆಯೋ ಅಜ್ಜಿಯಂದಿರನ್ನ ನೋಡಿದವರಿಗೆ ಇದು ಅಷ್ಟೇನೂ ದೂರದ್ದು ಅನಿಸಲ್ಲ. ಜರ್ಮನ್ ಭಾಷೆಯಲ್ಲಿ ಇಂಥ ಹಳೇ ದೇವತೆಗಳ ಮಂತ್ರ ಉಳಿದಿರೋದೇ ಅಪರೂಪ. ಪಾದ್ರಿಗಳ ಮನೆಯಲ್ಲೇ ಅದು ಸುಮಾರು 900 ವರ್ಷ ಕೂತಿತ್ತು. ಜೋಪಾನ ಮಾಡಬೇಕು ಅಂತ ಯಾರೂ ಜೋಪಾನ ಮಾಡಿದ್ದಲ್ಲ. ಬಿಸಾಡಲಿಲ್ಲ, ಅಷ್ಟೇ. ಬಿಸಾಡದೇ ಇರೋ ಗುಣ ಇರೋ ಸಂಸ್ಥೆಗಳು ಕಮ್ಮಿ. ನಾನು ಈ ಸೋಮಾರಿ ಶ್ರೀಮಂತರನ್ನ ಅರ್ಧ ಕ್ಷಮಿಸೋದು ಇದೊಂದೇ ಕಾರಣಕ್ಕೆ.

ಈಗ ನನ್ನ ತಕರಾರು. ಹಳೇ ಚಾಪ್ಟರ್‌ಗೆ ಎರಡು ಅಧಿಕಾರ ಇತ್ತು, ಕಾಯೋದು ಮತ್ತು ಸೇರಿಸೋದು. ಗೋಡೆ ಕಾಯ್ತಿತ್ತು, ಗೋಡೆಗೆ ಹೊಸ ವಿಗ್ರಹವನ್ನೂ ಸೇರಿಸ್ತಿತ್ತು. ಪರಂಪರೆ ಪ್ರತಿಷ್ಠಾನ ಆದ ಮೇಲೆ ಕಾಯೋ ಅಧಿಕಾರ ಹೆಚ್ಚಾಯ್ತು, ದುಡ್ಡೂ ಬಂತು, ತಜ್ಞರೂ ಬಂದ್ರು. ಸೇರಿಸೋ ಅಧಿಕಾರ ಸದ್ದಿಲ್ಲದೆ ಕೈತಪ್ಪಿತು. ಐಕೊಮೋಸ್‌ನವರನ್ನ ನಾನು ಖಳರು ಮಾಡಲ್ಲ. ಪಟ್ಟಿಗೆ ಸೇರಿಸಿ ಅಂತ ಅರ್ಜಿ ಹಿಡಿದು ಹೋದವರು ಇವರೇ, ಮೊದಲ ಯತ್ನಗಳು ಫಲ ಕೊಡದೆ ಮತ್ತೆ ಹೋದವರೂ ಇವರೇ. ಪಟ್ಟ ಸಿಕ್ಕಿದ್ದೇ ಮುಖ್ಯವಾಗಿ ಆ ವಿಗ್ರಹಗಳಿರೋ ಪಶ್ಚಿಮ ಭಾಗದ ಬಲದ ಮೇಲೆ. ಬಾಡಿಗೆ ಕರಾರಿಗೆ ಸಹಿ ಹಾಕಿ ಆಮೇಲೆ ಮೊಳೆ ಹೊಡೀಬೇಡಿ ಅಂದ್ರೆ ಸಿಟ್ಟು ಮಾಡಿಕೊಂಡ ಹಾಗೆ ಇದೆ ಅಂತ ನೀವು ಹೇಳಬಹುದು. ಒಪ್ಪುತ್ತೀನಿ.

ಆದ್ರೆ ಇದು ಬಾಡಿಗೆ ಮನೆ ಅಲ್ಲವಲ್ಲ. ಪ್ರತಿಷ್ಠಾನ ಮಾಲೀಕ, ಊರಿನ ಪ್ರಾಟೆಸ್ಟೆಂಟ್ ಸಭೆ ಇವತ್ತಿಗೂ ಅಲ್ಲಿ ಪ್ರಾರ್ಥನೆ ಮಾಡುತ್ತೆ. ಪಶ್ಚಿಮ ಭಾಗಕ್ಕೆ ಹೋಗೋ ಕಲ್ಲಿನ ಅಡ್ಡಗೋಡೆಯ ಬಾಗಿಲು ನೋಡಿ. ಬಾಗಿಲ ನಡುಕಂಬದಲ್ಲೇ ಶಿಲುಬೆಗೇರಿದ ಕ್ರಿಸ್ತ, ಆ ಪಕ್ಕ ಈ ಪಕ್ಕ ಮರಿಯ ಮತ್ತು ಯೋಹಾನ. ಒಳಗೆ ಹೋಗಬೇಕಾದ್ರೆ ಅವನ ಚಾಚಿದ ತೋಳಿನ ಕೆಳಗೇ ತಲೆ ತಗ್ಗಿಸಿಕೊಂಡು ಹೋಗಬೇಕು. ಹಾಗೆ ಹೋದವನ ಎದುರಿಗೆ ಒಂದು ಬಲಿಪೀಠ ಇರಬೇಕು ಅಂತಲೇ ಆ ಜಾಗ ಕಟ್ಟಿದ್ದು. ಊಟಾ ಅಲ್ಲಿ ನಿಂತಿರೋದೂ ಅದರ ಸುತ್ತ, ಪೂಜೆಗೆ ಸಾಕ್ಷಿಯಾಗಿ. ಬಲಿಪೀಠ ತೆಗೆದು ಸಾಕ್ಷಿಗಳನ್ನ ಮಾತ್ರ ಚೆನ್ನಾಗಿ ಕಾಣೋ ಹಾಗೆ ಇಟ್ಟರೆ, ಮದುಮಕ್ಕಳನ್ನ ಬದಿಗೆ ಸರಿಸಿ ಬೀಗರ ಫೋಟೋ ತೆಗೆದ ಹಾಗೆ.

ಟ್ರೀಗೆಲ್ ಚಿತ್ರ ಮಹಾನ್ ಕೃತಿಯೋ ಅಲ್ವೋ, ಅದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇಲ್ಲ. ಸ್ವಲ್ಪ ನುಣುಪು ಜಾಸ್ತಿ ಅನಿಸುತ್ತೆ. ರೋಮ್‌ನ ಕಡ ಎರಡು ವರ್ಷದ್ದು. ಅದು ಮುಗಿದಾಗ ಈ ಫಲಕ ಎಲ್ಲಿ ನಿಲ್ಲಬೇಕು ಅನ್ನೋ ಪ್ರಶ್ನೆ ಮತ್ತೆ ಏಳುತ್ತೆ. ಆಗ ಚಾಪ್ಟರ್‌ನವರು ತಮ್ಮ ಹಳೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, 1249ರ ಆ ಪತ್ರವನ್ನ ಒಂದ್ಸಲ ಗಟ್ಟಿಯಾಗಿ ಓದಲಿ. ಆಮೇಲೆ ಫಲಕವನ್ನ ಇದ್ದಲ್ಲೇ ತಂದು ನಿಲ್ಲಿಸಲಿ. ಊಟಾಳನ್ನ ನೋಡಬೇಕಾದವರು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿಕೊಳ್ಳಲಿ.