ಜಿನ್ ಬಾಯಿ ಬಿಡುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಜಿನ್ ಅನ್ನುವ ಮದ್ಯ ಒಳ್ಳೆಯದಾಗಿದ್ದರೆ, ಅದಕ್ಕೆ ನೀರು ಬೆರೆಸಿದರೆ ಕೆಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜಿನ್ ಬಾಯಿ ಬಿಡುವುದೇ ನೀರು ಬಿದ್ದ ಮೇಲೆ. ಸಣ್ಣ ಗ್ಲಾಸಿಗೆ ಎರಡು ಚಮಚ ಜಿನ್ ಹಾಕಿ ಮೂಸಿ ನೋಡಿ. ಬರೀ ಘಾಟು. ಈಗ ಅಷ್ಟೇ ತಣ್ಣೀರು ಬೆರೆಸಿ ಮತ್ತೆ ಮೂಸಿ. ಘಾಟು ಇಳಿದು, ಪೈನ್ ಮರದ ಎಲೆ ಹೊಸಕಿದ ಹಾಗೆ ಒಂದು ಹಸಿರು ವಾಸನೆ ಮೇಲೇಳುತ್ತದೆ. ಅದೇ ಜೂನಿಪರ್ ಅನ್ನುವ ಗಿಡದ ಘಮ. ಅದರ ಬೆನ್ನಿಗೇ ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆ ಒಂದೊಂದಾಗಿ ಬರುತ್ತವೆ.

ಜೂನಿಪರ್ ಇಲ್ಲದೆ ಜಿನ್ ಇಲ್ಲ. ಜಿನ್ನಿಗೆ ಹಾಕುವ ಅದರ ಕಾಯಿ ನೋಡೋಕೆ ನೀಲಿ ಹಣ್ಣಿನ ಹಾಗಿದ್ದರೂ ಹಣ್ಣಲ್ಲ, ಪೈನ್ ಮರದಲ್ಲಿ ಬಿಡುವಂಥ ಕೋನ್, ಪದರಗಳು ತಿರುಳಾಗಿ ಕೂಡಿಕೊಂಡು ಪುಟ್ಟದಾಗಿದೆ. ಡಚ್ಚರು ಅದರ ಹೆಸರಿನಿಂದಲೇ ತಮ್ಮ ಮದ್ಯಕ್ಕೆ ಯೆನೇವರ್ ಅಂದರು. ಇಂಗ್ಲಿಷರ ಬಾಯಲ್ಲಿ ಅದು ಮೊಟಕಾಗಿ ಜಿನ್ ಆಯಿತು. 18ನೇ ಶತಮಾನದ ಲಂಡನ್ನಿನಲ್ಲಿ ಅಗ್ಗದ ಜಿನ್ ಎಷ್ಟೋ ಮನೆ ಮುರಿಯಿತು. 1751ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಕಾಯ್ದೆ ತಂದು ಅದಕ್ಕೆ ಲಗಾಮು ಹಾಕಬೇಕಾಯಿತು. 1830ರ ದಶಕದಿಂದ ಹೊಸ ಬಗೆಯ ಭಟ್ಟಿಗಳು ಬಂದು ಸ್ಪಿರಿಟ್ ಶುದ್ಧವಾಯಿತು. ಕೆಟ್ಟ ರುಚಿ ಮುಚ್ಚೋಕೆ ಸಕ್ಕರೆ ಸುರಿಯುವ ಅಗತ್ಯ ತಪ್ಪಿತು. ಹಾಗೆ ಬಂದದ್ದು ಲಂಡನ್ ಡ್ರೈ. ಅದನ್ನು ಲಂಡನ್ನಿನಲ್ಲೇ ಮಾಡಬೇಕೆಂದಿಲ್ಲ. ಘಮವೆಲ್ಲ ಭಟ್ಟಿಯಲ್ಲೇ ಇಳಿದಿರಬೇಕು, ಆಮೇಲೆ ಸೇರಿಸುವಂತಿಲ್ಲ, ಅಷ್ಟೇ.

ಇನ್ನು ಜಿನ್ನಿನ ಕಾಕ್‌ಟೇಲ್‌ಗಳು. ಮೊದಲು ಮಾರ್ಟಿನಿ. 60 ಮಿಲಿ ಜಿನ್, 10 ಮಿಲಿ ಡ್ರೈ ವರ್ಮೂತ್ (ಗಿಡಮೂಲಿಕೆ ಹಾಕಿದ, ಸಿಹಿ ಕಡಿಮೆಯಿರುವ ವೈನ್), ಗ್ಲಾಸಿನ ತುಂಬಾ ಗಟ್ಟಿ ಐಸ್. ಉದ್ದ ಚಮಚದಿಂದ ಅರ್ಧ ನಿಮಿಷ ಮೆಲ್ಲಗೆ ತಿರುಗಿಸಿ. ಮೊದಲು ಐಸ್ ಕಟಕಟ ಅನ್ನುತ್ತದೆ, ಆಮೇಲೆ ಸದ್ದು ಮೆತ್ತಗಾಗುತ್ತದೆ, ಗ್ಲಾಸಿನ ಹೊರಮೈ ಮಂಜಾಗಿ ಬೆರಳು ಅಂಟುತ್ತದೆ. ಆಗ ಸೋಸಿಕೊಳ್ಳಿ. ಹೀಗೆ ಸೋಸಿದ್ದರಲ್ಲಿ ಸುಮಾರು ಐದನೇ ಒಂದು ಭಾಗ ಕರಗಿದ ಐಸೇ! ಅಳತೆಯಲ್ಲಿ ಬರೆಯದ ಈ ನೀರೇ ಮಾರ್ಟಿನಿಯನ್ನು ನಯ ಮಾಡುವುದು. ಕುಲುಕಿದರೆ ಗಾಳಿ ಸೇರಿ ಮಬ್ಬಾಗುತ್ತದೆ. ಕುಲುಕುವುದೇನಿದ್ದರೂ ಗಿಮ್ಲೆಟ್‌ನಂಥ ನಿಂಬೆರಸದ ಪಾನೀಯಕ್ಕೆ ಸರಿ.

ನೆಗ್ರೋನಿಯ ಲೆಕ್ಕ ಸುಲಭ. ಜಿನ್, ಕಂಪಾರಿ ಅನ್ನುವ ಇಟಲಿಯ ಕೆಂಪು ಕಹಿ ಮದ್ಯ, ಸಿಹಿ ವರ್ಮೂತ್ ಮೂರೂ ಸಮಸಮ. ಕಂಪಾರಿಯ ಕಹಿ ಜೋರಿರುವುದರಿಂದ ಇಲ್ಲಿ ಜೂನಿಪರ್ ಗಟ್ಟಿಯಾಗಿರುವ ಜಿನ್ನೇ ಬೇಕು.

ಜಿನ್ ಮತ್ತು ಟಾನಿಕ್‌ನಲ್ಲಿ ಮಾತ್ರ ನೀರಿಗೆ ಹೆದರಬೇಕು. ಟಾನಿಕ್ ಅಂದರೆ ಕಹಿ ಸೋಡಾ, ಅದರಲ್ಲೇ ಬೇಕಾದಷ್ಟು ನೀರಿರುತ್ತದೆ ಅಲ್ವಾ? ಐಸ್ ಕಡಿಮೆ ಹಾಕಿದರೆ ನೀರಾಗುವುದಿಲ್ಲ ಅಂತ ಅನ್ನಿಸುತ್ತದೆ. ಆದರೆ ನಾಲ್ಕೇ ತುಂಡು ಬೇಗ ಕರಗಿಬಿಡುತ್ತವೆ. ಗ್ಲಾಸ್ ತುಂಬಾ ಹಾಕಿದರೆ ತಂಪು ಜಾಸ್ತಿ ಹೊತ್ತು ನಿಲ್ಲುತ್ತದೆ. ಟಾನಿಕ್ ಮೊದಲೇ ತಣ್ಣಗಿರಲಿ, ಬಾಟಲಿ ಆಗಷ್ಟೇ ತೆರೆದದ್ದಿರಲಿ. ಕೊನೆಗೆ ನಿಂಬೆ ಸಿಪ್ಪೆಯ ಒಂದು ಚೂರನ್ನು ಗ್ಲಾಸಿನ ಮೇಲೆ ಹಿಡಿದು ಬೆರಳಲ್ಲಿ ಮಡಿಸಿ ಹಿಂಡಿ. ದೀಪದ ಬೆಳಕಿಗೆ ಹಿಡಿದರೆ ಸಿಪ್ಪೆಯ ಎಣ್ಣೆ ಸಣ್ಣ ತುಂತುರಾಗಿ ಗುಳ್ಳೆಗಳ ಮೇಲೆ ಇಳಿಯುವುದು ಕಾಣುತ್ತದೆ.

ನಮಸ್ಕಾರ.